ಸತ್ತ ರೇಷ್ಮೆ ಹುಳುವಿನಲ್ಲಿ ಬಿಳಿ ಮರಿ: ಊಜಿಯೋ, ಮಾಂಸದ ನೊಣವೋ?

ಪ್ರಶ್ನೆ: ನಾಲ್ಕನೇ ಜ್ವರ (ಹುಳು ಚರ್ಮ ಕಳಚುವ ಹಂತ) ಎದ್ದು ಐದು ದಿನ. ಗುಂಡಿಗೆ ಎಸೆದ ಸತ್ತ ಹುಳುಗಳ ತುಂಬ ಬಿಳಿ ಮರಿ. ಇದು ಬದುಕಿರುವ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದ್ದೇ?

ಉತ್ತರ 1: ಗುಂಡಿ ನೋಡಿ ಹೇಳಲಾಗದು ಸರ್, ತಟ್ಟೆಯಲ್ಲಿ ಬದುಕಿರುವ ಹುಳು ನೋಡಿ. ಊಜಿ ಅವುಗಳ ಮೈಮೇಲೆ ಗಸಗಸೆಗಿಂತ ಚಿಕ್ಕ ಬಿಳಿ ಮೊಟ್ಟೆ ಇಡುತ್ತದೆ. ಎರಡು ಮೂರು ದಿನದಲ್ಲಿ ಮರಿ ಚರ್ಮ ಕೊರೆದು ಒಳಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ಮಚ್ಚೆಯೇ ಇಲ್ಲದೆ ಹುಳು ಮೆತ್ತಗಾಗಿ ಕೊಳೆತು ನಾರುತ್ತಿದ್ದರೆ ಸಪ್ಪೆ ರೋಗ (ಫ್ಲಾಚರಿ) ಅನುಮಾನಿಸಿ. ಆಗ ಮರಿ, ಹುಳು ಸತ್ತ ಮೇಲೆ ಮಾಂಸದ ನೊಣದಿಂದ ಬಂದದ್ದಿರಬಹುದು.

ಉತ್ತರ 2: ನೊಣವನ್ನೇ ಹಿಡಿದು ನೋಡಿ. ಊಜಿಯ ಎದೆಯ ಮೇಲ್ಭಾಗದಲ್ಲಿ ನಾಲ್ಕು ಕಪ್ಪು ಗೆರೆ. ಮಾಂಸದ ನೊಣಕ್ಕೆ ಮೂರು, ಹೊಟ್ಟೆ ಚದುರಂಗದ ಮಣೆಯಂತೆ. ಅದು ಮೊಟ್ಟೆಯಿಡದೆ ನೇರ ಮರಿಯನ್ನೇ ಬಿಡುತ್ತದೆ.

ಉತ್ತರ 3: ಊಜಿಯಾದರೆ ನೆಲದ ಬಿರುಕು ಇಂದೇ ಮುಚ್ಚಿ. ಬಲಿತ ಮರಿ ಅಲ್ಲಿ ಸೇರಿ ಒಂದೇ ದಿನದೊಳಗೆ ಕೋಶ (ಪ್ಯೂಪಾ) ಆಗುತ್ತದೆ, 10-12 ದಿನಕ್ಕೆ ಮತ್ತೆ ನೊಣ. ಕಿಟಕಿಗೆ ನೈಲಾನ್ ಬಲೆ, ಊಜಿ ಕೋಶ ಕೊಲ್ಲಲು ನೆಸೊಲಿಂಕ್ಸ್ ಎಂಬ ಪುಟ್ಟ ಕಣಜ ಬಿಡಿ. ಕೀಟನಾಶಕ ಮಾತ್ರ ಬೇಡ, ರೇಷ್ಮೆ ಹುಳುವೇ ಸಾಯುತ್ತದೆ.