ಸಿಗ್ನಲ್‌ನಲ್ಲಿ ನಿಂತರೆ ತಣ್ಣನೆ ಗಾಳಿ, ಓಡಿಸಿದರೆ ಬಿಸಿ. ನನ್ನ ಕಾರ್ ಹೀಟರ್‌ಗೆ ಏನಾಗಿದೆ?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಐದು ತಿಂಗಳಾಯಿತು. ದಾವಣಗೆರೆಯಲ್ಲಿ ಹತ್ತು ವರ್ಷ ಕಾರು ಓಡಿಸಿದ್ದೇನೆ. ಎಸಿ ನಾಬನ್ನು ಕೆಂಪು ಗೆರೆಯ ಕಡೆ ತಿರುಗಿಸಿದ್ದು ಒಂದು ದಿನವೂ ಇಲ್ಲ. ಇಲ್ಲಿ ಆ ಕೆಂಪು ಗೆರೆಯೇ ಗತಿ.

ಸೆಪ್ಟೆಂಬರ್‌ನಲ್ಲಿ 2011ರ ಸೆಕೆಂಡ್‌ಹ್ಯಾಂಡ್ ಸೆಡಾನ್ ತಗೊಂಡೆ. ನಿನ್ನೆ ಬೆಳಿಗ್ಗೆ ಮೈನಸ್ 22 ಡಿಗ್ರಿ. ಫ್ರೀವೇಯಲ್ಲಿ ಹೀಟರ್ ಚೆನ್ನಾಗಿಯೇ ಬಿಸಿ ಕೊಡುತ್ತದೆ. ಸಿಗ್ನಲ್‌ನಲ್ಲಿ ಅರ್ಧ ನಿಮಿಷ ನಿಂತರೆ ತಣ್ಣಗಾಗುತ್ತದೆ, ಹೊರಟರೆ ಮತ್ತೆ ಬಿಸಿ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇದೆ.

ಇದರ ಜೊತೆಗೆ ಮುಂದಿನ ಗಾಜು ಒಳಗಡೆಯಿಂದ ಮಂಜು ಹಿಡಿಯುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಹಳೇ ಪಂಚೆ ತುಂಡು. ಒರೆಸಿದ ಜಾಗದಲ್ಲೇ ಮತ್ತೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಹೀಟರ್ ಜಾಸ್ತಿ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಾ? ಪಕ್ಕದ ಮನೆಯವರು ದಿನಾ ಇಪ್ಪತ್ತು ನಿಮಿಷ ಇಂಜಿನ್ ಆನ್ ಮಾಡಿ ಬಿಡುತ್ತಾರೆ. ನಾನೂ ಹಾಗೆ ಮಾಡಬೇಕಾ?

ಮಿಶಿಗನ್ ಮಾಮ:
ಮೊದಲು ಬಾನೆಟ್ ತೆಗೆದು ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಎಷ್ಟಿದೆ ನೋಡಿ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಮುಚ್ಚಳ ತೆಗೀರಿ. ಬಿಸಿ ಇದ್ದರೆ ಮುಖಕ್ಕೇ ಚಿಮ್ಮುತ್ತದೆ.

ಇಂಜಿನ್ ಸುತ್ತ ಓಡಾಡುವ ಬಿಸಿ ಕೂಲೆಂಟ್ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೂ ಹೋಗುತ್ತದೆ. ಅದರ ಮೇಲೆ ಫ್ಯಾನ್ ಗಾಳಿ ಹಾಯಿಸುತ್ತದೆ. ಅಷ್ಟೇ ಹೀಟರ್. ನಿಂತಾಗ ವಾಟರ್ ಪಂಪ್ ನಿಧಾನ. ಕೂಲೆಂಟ್ ಕಮ್ಮಿ ಇದ್ದರೆ ಅಲ್ಲಿಯವರೆಗೆ ಸರಿಯಾಗಿ ತಲುಪುವುದಿಲ್ಲ. ಮುಳ್ಳು ಕೆಳಗೇ ಇದ್ದಿದ್ದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ದೊಡ್ಡ ರೇಡಿಯೇಟರ್‌ಗೆ ಹೋಗುವ ದಾರಿ ಮುಚ್ಚಿಡುವ ಕವಾಟ) ಮೇಲೆ ಅನುಮಾನ ಪಡುತ್ತಿದ್ದೆ. ನಿಮ್ಮದು ಹಾಗಲ್ಲ.

ಊರಲ್ಲಿ ಮಾಡುವ ಹಾಗೆ ಬಾಟಲಿ ನೀರು ಮಾತ್ರ ಸುರಿಯಬೇಡಿ. ಹೆಪ್ಪುಗಟ್ಟಿದರೆ ಇಂಜಿನ್ ಬ್ಲಾಕೇ ಬಿರುಕು ಬಿಡಬಹುದು. ಅರ್ಧ ಕೂಲೆಂಟ್, ಅರ್ಧ ನೀರು ಬೆರೆಸಿದ್ದು ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ.

ಇನ್ನು ಪೆಟ್ರೋಲ್. ಹೀಟರ್‌ನ ಬಿಸಿ ಇಂಜಿನ್ ಹೇಗೂ ಹೊರಗೆ ಚೆಲ್ಲುವ ಬಿಸಿ, ಹೆಚ್ಚುಕಮ್ಮಿ ಪುಕ್ಕಟೆ. ಇಪ್ಪತ್ತು ನಿಮಿಷ ಸುಮ್ನೆ ನಿಲ್ಲಿಸಿದರೆ ಪೆಟ್ರೋಲ್ ದಂಡ. ಗಾಜಿನ ಮೇಲಿನ ಹಿಮ ಕೆರೆದು, ಒಂದೆರಡು ನಿಮಿಷ ಬಿಟ್ಟು, ನಿಧಾನವಾಗಿ ಹೊರಡಿ. ಓಡಿಸಿದರೇ ಬೇಗ ಬಿಸಿಯಾಗುವುದು.

ಕೊಡಗಿನಕ್ಕ:
ರೀಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುವ ಬಟನ್) ಹಾಕಿದ್ದೀರಾ ನೋಡಿ. ಊರಲ್ಲಿ ಧೂಳಿಗೆ ಅದನ್ನು ಯಾವಾಗಲೂ ಹಾಕಿಯೇ ಇಡುತ್ತೇವೆ ಅಲ್ವಾ? ಇಲ್ಲಿ ಅದೇ ತಪ್ಪು. ನಿಮ್ಮ ಉಸಿರಿನ ಪಸೆ, ಬೂಟಿನ ಹಿಮ ಕರಗಿದ ನೀರು ಎಲ್ಲ ಒಳಗೇ ಸುತ್ತುತ್ತದೆ. ಮೈನಸ್ 22ರ ಹೊರಗಿನ ಗಾಳಿಯಲ್ಲಿ ಪಸೆ ತೀರಾ ಕಮ್ಮಿ, ಅದನ್ನೇ ಒಳಗೆ ಬಿಡಿ. ಸೊನ್ನೆಗಿಂತ ಮೇಲಿರುವ ದಿನ ಹೀಟರ್ ಜೊತೆ ಎಸಿ ಬಟನ್ನೂ ಒತ್ತಿ, ಪಸೆ ಹೀರುತ್ತದೆ. ಮಡಿಕೇರಿ ಮಳೆಗಾಲದಲ್ಲಿ ಇದೇ ಉಪಾಯ ಮಾಡುತ್ತಿದ್ದೆ. ತೀರಾ ಚಳಿಯಲ್ಲಿ ಬಹಳಷ್ಟು ಕಾರುಗಳ ಎಸಿ ಕಂಪ್ರೆಸರ್ ಓಡುವುದೇ ಇಲ್ಲ.

ಗಾಜಿನ ಒಳಗೆ ಎಣ್ಣೆ ಥರ ಜಿಡ್ಡು, ಸಿಹಿ ವಾಸನೆ ಇದ್ದರೆ ಆ ಪುಟ್ಟ ರೇಡಿಯೇಟರೇ ಸೋರುತ್ತಿದೆ ಅಂತ.

ಇನ್ನೊಂದು ವಿಷಯ. ಗ್ಯಾರೇಜ್ ಒಳಗೆ ಇಂಜಿನ್ ಆನ್ ಮಾಡಿ ಬಿಡಲೇಬೇಡಿ, ಬಾಗಿಲು ತೆಗೆದಿದ್ದರೂ ಸರಿ. ಸೈಲೆನ್ಸರ್ ಬಾಯಿಗೆ ಹಿಮ ತುಂಬಿದ್ದರೆ ಮೊದಲು ತೆಗೀರಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ಬೆಣ್ಣೆದೋಸೆ:
ಮಾಮ, ನೀವು ಹೇಳಿದ್ದೇ ಸರಿ. ಡಬ್ಬದಲ್ಲಿ ಕೂಲೆಂಟ್ ಮಿನಿಮಮ್ ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಮೆಕ್ಯಾನಿಕ್ ಟಾರ್ಚ್ ಹಾಕಿ ತೋರಿಸಿದ, ವಾಟರ್ ಪಂಪ್ ಕೆಳಗೆ ಸೋರಿದ ಕೂಲೆಂಟ್‌ನ ಹಸಿರು ಕಲೆ ಒಣಗಿ ಪುಡಿಪುಡಿಯಾಗಿ ಅಂಟಿತ್ತು. ಮಾರಿದವರು "ಎಲ್ಲ ಚೆಕ್ ಮಾಡಿದ್ದೇವೆ" ಅಂದಿದ್ದರು. ಪಂಪ್ ಬದಲಾಯಿಸಿ, ಕೂಲೆಂಟ್ ತುಂಬಿ, ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ತೆಗೆದುಕೊಟ್ಟ. ಈಗ ಸಿಗ್ನಲ್‌ನಲ್ಲೂ ಬಿಸಿ.

ಅಕ್ಕ, ಬಟನ್ ನೋಡಿದೆ. ರೀಸರ್ಕ್ಯುಲೇಷನ್ ಸೆಪ್ಟೆಂಬರ್‌ನಿಂದಲೂ ಆನ್! ಪಂಚೆ ತುಂಡು ಡಿಕ್ಕಿ ಸೇರಿತು. ಬೂಟಿನ ನೀರು ಮಾತ್ರ ಕಾಲಡಿ ಕೆರೆಯಾಗಿದೆ. ಅಂಚು ಎತ್ತರ ಇರುವ ರಬ್ಬರ್ ಮ್ಯಾಟ್ ಯಾರಾದರೂ ಬಳಸಿದ್ದೀರಾ?