ಅಪ್‌ಡೇಟ್: ಕಸದ ಜಾಗದ ವರದಿ ಕೊನೆಗೂ ಕೈಗೆ ಬಂತು

ಕಸ ಹೂಳುವ ಜಾಗ ಹುಡುಕಲು ನಮ್ಮೂರಲ್ಲಿ ಕನ್ಸಲ್ಟೆಂಟ್ ನೇಮಿಸಿದ್ದಾರೆ, ಕೆರೆ ಪಕ್ಕದ ಗೋಮಾಳ ಆರಿಸಿದ್ದಾರೆ, ವರದಿ ಮಾತ್ರ ತೋರಿಸುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಂದಿರಿ. ಹಾಕಿದೆ. ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯದ್ದಿರಲಿ, 150 ಪದದೊಳಗೆ ಇರಲಿ. ಕರ್ನಾಟಕದಲ್ಲಿ ಇದು ನಿಯಮ. 30 ದಿನದ ಗಡುವು ಮುಗಿಯುವ ಹೊತ್ತಿಗೆ ಪ್ರತಿ ಬಂತು.

ಮೂರು ಜಾಗ ಹೋಲಿಸಿದ್ದಾರೆ. ಆದರೆ ನಮ್ಮ ಕೆರೆಗೆ ಎಷ್ಟು ದೂರ ಅನ್ನುವ ಕಾಲಂ ಖಾಲಿ! 2016ರ ಘನತ್ಯಾಜ್ಯ ನಿಯಮದ ಪ್ರಕಾರ ಕಸ ಹೂಳುವ ಜಾಗ ನದಿಯಿಂದ 100 ಮೀಟರ್, ಕೆರೆಕುಂಟೆ, ಮನೆ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕಿತ್ತು. ನಾವೇ ಟೇಪ್ ಹಿಡಿದು ಅಳೆದೆವು. ಕೆರೆ ಏರಿಯಿಂದ 140 ಮೀಟರ್ ಅಷ್ಟೇ. ನನಗೆ ನಿಜಕ್ಕೂ ಸಿಟ್ಟು ಬಂತು. ಅದೇ ನೀರನ್ನು ದನಕರು ಕುಡಿಯುತ್ತವೆ ಅಲ್ವಾ?

ಅಳತೆಯ ಫೋಟೋ ಸೇರಿಸಿ ಲಿಖಿತ ಆಕ್ಷೇಪಣೆ ಕೊಟ್ಟೆವು, ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು. ಮತ್ತೆ ಸರ್ವೆ ಮಾಡಿಸುತ್ತೇವೆ ಎಂದಿದ್ದಾರೆ. ಬಾಯಿಮಾತು ಸಾಲದು, ಬರಹದಲ್ಲಿ ಕೊಡಿ ಎಂದು ಕೇಳಿದ್ದೇವೆ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.