ಸಹಾಯ ಬೇಕು: ಆಸ್ಕ್ಯಾ ಕ್ಯಾಲ್ಡೆರಾದ ನೆಲ ಕುಸಿದಿದ್ದು ಹೇಗೆ?

ಎಲ್ಲರಿಗೂ ನಮಸ್ಕಾರ. ಐಸ್‌ಲ್ಯಾಂಡಿನ ಒಳನಾಡಿನಲ್ಲಿರುವ ಆಸ್ಕ್ಯಾ ಜ್ವಾಲಾಮುಖಿಗೆ ಹೋಗಿ ಬಂದೆ. ಜ್ವಾಲಾಮುಖಿಯ ನೆಲ ಕುಸಿದು ಆಗುವ ದೊಡ್ಡ ಗುಂಡಿಗೆ ಕ್ಯಾಲ್ಡೆರಾ ಅನ್ನುತ್ತಾರೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಹೊಳೆ ದಾಟಿ, ಕೊನೆಗೆ ಸುಮಾರು ಎರಡೂವರೆ ಕಿಲೋಮೀಟರ್ ನಡೆದೆ. ದಾರಿಯಲ್ಲಿ ಜ್ವಾಲಾಮುಖಿಯಿಂದ ಬಂದ ಒಂದು ಪ್ಯೂಮಿಸ್ ಕಲ್ಲು ಎತ್ತಿಕೊಂಡೆ. ಮುಷ್ಟಿಯಷ್ಟು ದಪ್ಪ, ಆದರೆ ತೂಕವೇ ಇಲ್ಲ. ಮೈತುಂಬಾ ತೂತು. ನೋಡಿ ಅಲ್ಲೇ ಇಟ್ಟು ಬಂದೆ.

ನನ್ನ ಪ್ರಶ್ನೆ ಇದು. 1875ರ ಸ್ಫೋಟದ ನಂತರ ನೆಲ ಕುಸಿದು ಓಸ್ಕ್ಯುವಾತ್ನ್ ಸರೋವರ ಆಯಿತು. ಆಳ 200 ಮೀಟರ್‌ಗೂ ಜಾಸ್ತಿ. ಮೇಲಕ್ಕೆ ಚಿಮ್ಮಿದ ಬೂದಿ, ಕಲ್ಲು ಮಾತ್ರ ಇಷ್ಟು ದೊಡ್ಡ ಗುಂಡಿಗೆ ಕಾರಣ ಆಗಲಾರದು, ಅಲ್ವಾ? ಅದೇ ವರ್ಷ ಉತ್ತರದ ಸ್ವೈನಾಗ್ಯಾ ಬಿರುಕಿನಲ್ಲೂ ಲಾವಾ ಹರಿದಿತ್ತು. ಹಾಗಾದರೆ ಶಿಲಾಪಾಕ (ಕರಗಿದ ಕಲ್ಲು) ನೆಲದಡಿಯಲ್ಲೇ ಅಡ್ಡಡ್ಡ ಹರಿದು ಹೋಯಿತೇ? ಭೂವಿಜ್ಞಾನ ಓದಿದವರು ದಯವಿಟ್ಟು ಬಿಡಿಸಿ ಹೇಳಿ. ಒಂದು ಚಿತ್ರ ಬರೆದು ತೋರಿಸಿದರಂತೂ ತುಂಬಾ ಉಪಕಾರ.